ಡಾನ್ ಮುನಿಶಾಮಪ್ಪ ಹೆಣ್ಣು ಕೇಳೋಕೆ ಹೋದ ದಿನ

ಮುನಿಶಾಮಪ್ಪನೋರು ಇಲ್ಲೀತನಕ ಹನ್ನೊಂದು ಸಲ ಸತ್ತಿದ್ದಾರೆ. ಅದರಲ್ಲಿ ಒಂಬತ್ತು ಸಲ ಸಾಯಿಸಿದ್ದು ಫರ್ದೀನ್. ಈ ಲೆಕ್ಕದಲ್ಲಿ ತಪ್ಪು ಹುಡುಕೋಕೆ ಯಾರೂ ಬರಬೇಡಿ, ಇಬ್ಬರನ್ನೂ ಶೂಟಿಂಗಿಗೆ ಕಳಿಸಿದವಳು ನಾನೇ.

ನಾನು ನಾಗಲಕ್ಷ್ಮಿ, ಕೆಂಪಾಪುರದವಳು. ಸಿನಿಮಾಗಳಿಗೆ ಜೂನಿಯರ್ ಆರ್ಟಿಸ್ಟ್‌ಗಳನ್ನ ಒದಗಿಸೋದು ನನ್ನ ಕೆಲಸ. ಮದುವೆ ಸೀನಿಗೆ ನೆಂಟರು, ಜೈಲು ಸೀನಿಗೆ ಕೈದಿಗಳು, ಆಸ್ಪತ್ರೆ ಸೀನಿಗೆ ಅಳೋ ಹೆಂಗಸರು, ಏನು ಬೇಕು ಹೇಳಿ, ಬೆಳಿಗ್ಗೆ ಆರಕ್ಕೆ ಹೆಬ್ಬಾಳ ಫ್ಲೈಓವರ್ ಹತ್ರ ವ್ಯಾನಲ್ಲಿ ಕೂತಿರ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಮಾಡ್ಕೊಂಡು ಬಂದಿದ್ದೀನಿ. ನನಗೆ ಬಾಯಿ ಜಾಸ್ತಿ ಅಂತಾರೆ. ಜಾಸ್ತಿ ಇಲ್ಲದೇ ಇದ್ರೆ ಮುನ್ನೂರು ಜನರನ್ನ ಬಿಸಿಲಲ್ಲಿ ನಿಲ್ಲಿಸಿ ಕೆಲಸ ತೆಗೆಯೋಕೆ ಆಗುತ್ತೇನ್ರೀ? ಆದ್ರೆ ಈ ಕೆಲಸದ ಬುದ್ಧಿ ಇದೆಯಲ್ಲ, ಅದನ್ನ ಎಲ್ಲೆಂದರಲ್ಲಿ ಉಪಯೋಗಿಸೋಕೆ ಹೋಗಿ ಹೋದ ವರ್ಷ ಒಂದು ಒಳ್ಳೆ ಸಂಬಂಧಾನೇ ಕೆಡಿಸಿಬಿಡ್ತಿದ್ದೆ. ಅದನ್ನ ಹೇಳೋ ಮೊದಲು ಮುನಿಶಾಮಪ್ಪನೋರು ಯಾರು ಅಂತ ಹೇಳ್ಬೇಕು.

ಅವರು ಚಿಕ್ಕಜಾಲದ ಹಳೇ ಒಕ್ಕಲು ಮನೆಯವರು. ಅರವತ್ತೇಳು ವರ್ಷ. ರಸ್ತೆಗೆ ಹೋಗಿ ಉಳಿದ ಜಮೀನಿನಲ್ಲಿ ಎರಡು ದೊಡ್ಡ ಶೆಡ್ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದಾರೆ, ಹಿಂದೆ ಸ್ವಲ್ಪ ಜಾಗದಲ್ಲಿ ರಾಗಿ, ಅವರೆ ಹಾಕ್ತಾರೆ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆ ಆಗಿದೆ. ಮನೇಲಿ ಅವರು, ಅವರ ಹೆಂಡತಿ ಗೌರಮ್ಮ. ಒಂಬತ್ತು ವರ್ಷದ ಹಿಂದೆ ಅವರ ಶೆಡ್ಡಿನಲ್ಲಿ ಒಂದು ರೌಡಿ ಸಿನಿಮಾದ ಶೂಟಿಂಗ್ ಇತ್ತು. ಜನರೇಟರ್ ಗಾಡಿಯವನು ಅವರೆ ಗಿಡದ ಮೇಲೆ ಚಕ್ರ ಹತ್ತಿಸಿಬಿಟ್ಟ. ಮುನಿಶಾಮಪ್ಪನೋರು ಬಂದು, ಗೇಟಿನ ಹತ್ರ ಇದ್ದ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಅವನನ್ನ ಕರೆದು, ದನಿ ಎತ್ತದೆ ಎರಡೇ ಎರಡು ಮಾತು ಹೇಳಿದ್ರು. ಅವನು ಗಾಡಿ ಹಿಂದಕ್ಕೆ ತೆಗೆದು, ಇಳಿದು ಬಂದು, ಮುರಿದ ಗಿಡಗಳಿಗೆ ಕಡ್ಡಿ ಕಟ್ಟೋಕೆ ಶುರು ಮಾಡಿದ. ಅವತ್ತು ಡಾನ್ ಪಾತ್ರಕ್ಕೆ ಬರಬೇಕಿದ್ದ ಆಸಾಮಿ ಕೈ ಕೊಟ್ಟಿದ್ದ. ಡೈರೆಕ್ಟರ್ ನನ್ನ ಮೊಣಕೈ ತಿವಿದು, ನಾಗಕ್ಕ, ನನಗೆ ಆ ಯಜಮಾನ್ರೇ ಬೇಕು ಅಂದ.

ಕೇಳಿದ್ದಕ್ಕೆ ಅವರು ಒಲ್ಲೆ ಅನ್ನಲಿಲ್ಲ. ಕತೆ ಏನು ಅಂತ ಮಾತ್ರ ಕೇಳಿದ್ರು. ಡೈರೆಕ್ಟರ್ ಹೇಳಿದ: ನೀವು ಊರಿಗೇ ಅಣ್ಣ, ಫುಟ್‌ಪಾತಿನಲ್ಲಿ ಬಿದ್ದಿದ್ದ ತಬ್ಬಲಿ ಹುಡುಗನ್ನ ತಂದು ಸಾಕ್ತೀರ, ಅವನ ಕೈಗೆ ಮಚ್ಚು ಕೊಡ್ತೀರ, ಕೊನೆಗೆ ಅವನೇ ನಿಮ್ಮನ್ನ ಚುಚ್ಚಿ ಸಾಯಿಸ್ತಾನೆ. ಸಾಕಿದವನನ್ನ ಯಾಕೆ ಚುಚ್ತಾನೆ ಅಂತ ಇವರು ಕೇಳಿದ್ರು. ಡೈರೆಕ್ಟರ್ ಅರ್ಧ ಗಂಟೆ ಕೂತು ಪ್ರೀತಿ, ದ್ರೋಹ, ಅಧಿಕಾರ ಅಂತ ಏನೇನೋ ವಿವರಿಸಿದ. ಎಲ್ಲ ಕೇಳಿಸ್ಕೊಂಡು ಮುನಿಶಾಮಪ್ಪನೋರು ಹೇಳಿದ್ದು ಇಷ್ಟು: "ಅನ್ನ ಹಾಕಿದ್ದು ಸರಿ, ಮಚ್ಚು ಕೊಟ್ಟಿದ್ದು ತಪ್ಪು. ಹುಡ್ಗಂದೇನೂ ತಪ್ಪಿಲ್ಲ, ಚುಚ್ಲಿ ಬಿಡಿ."

ಚುಚ್ಚೋದು ಪರದೆ ಮೇಲೆ ಹೀರೋ. ಆದ್ರೆ ಹೀರೋ ಮುಖ ತೋರಿಸಿ ಕಾರವಾನಿಗೆ ಹೋಗಿಬಿಡ್ತಾನೆ. ಕೈ, ಬೆನ್ನು, ಓಟ, ಬೀಳೋದು, ಇದೆಲ್ಲ ಡೂಪಿನದು. ಆ ಡೂಪ್ ಫರ್ದೀನ್. ಆರ್‌.ಟಿ. ನಗರದವನು, ಆಗ ಅವನಿಗೆ ಹತ್ತೊಂಬತ್ತೋ ಇಪ್ಪತ್ತೋ. ಅಪ್ಪ ಅಮ್ಮ ಇಬ್ಬರೂ ಚಿಕ್ಕಂದಿನಲ್ಲೇ ಹೋಗಿದ್ರು, ಅಜ್ಜಿ ಮೆಹಬೂಬ್ ಬೀ ಹೊಲಿಗೆ ಮಾಡಿ ಸಾಕಿದ್ಲು. ಮೊದಲ ದಿನ ಮುನಿಶಾಮಪ್ಪನೋರು ಚಾಕು ನೋಡಿ ಬೆವತುಹೋದ್ರು. ಅದು ಒತ್ತಿದ್ರೆ ಹಿಡಿಯೊಳಗೆ ಸರಿದುಹೋಗೋ ಚಾಕು, ಏನೂ ಆಗಲ್ಲ ಅಂತ ನಾವೆಲ್ಲ ಬಡ್ಕೊಂಡ್ವಿ. ಫರ್ದೀನ್ ಮುಂದೆ ಬಂದ. ಚಾಕು ತಗೊಂಡು ತನ್ನ ಹೊಟ್ಟೆಗೇ ಮೂರು ಸಲ ಚುಚ್ಕೊಂಡ, ಆಮೇಲೆ ಅವರ ಕೈಗೆ ಕೊಟ್ಟು, "ನೀವೂ ಒಂದ್ಸಲ ನನ್ನ ಚುಚ್ಚಿ ಯಜಮಾನ್ರೇ, ಧೈರ್ಯ ಬರುತ್ತೆ" ಅಂದ. ಅವರು ಮೆಲ್ಲಗೆ ಚುಚ್ಚಿದ್ರು. ಆಮೇಲೆ ಒಂದೇ ಟೇಕಿನಲ್ಲಿ ಸತ್ರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಹೆಣದ ಪಾತ್ರ ಮಾಡಿದವರು ಹಾಗೇ ಎದ್ದು ಹೋಗೋ ಹಾಗಿಲ್ಲ. ಕ್ಯಾಮೆರಾ ಮುಂದೆ ಕೂತು ಒಂದು ಸಲ ನಗಬೇಕು, ಆ ನಗುವನ್ನ ಶೂಟ್ ಮಾಡಬೇಕು, ಆಗಲೇ ಅಪಶಕುನ ಕಳೆಯೋದು. ಅವತ್ತು ಮುನಿಶಾಮಪ್ಪನೋರಿಗೆ ನಗು ಬರಲೇ ಇಲ್ಲ. ಮೈಮೇಲೆಲ್ಲ ರಕ್ತ ಅಂತ ಬಳಿದ ಕೆಂಪು ಪಾಕ, ಕಿವಿ ಹತ್ರ ಇರುವೆ, ಇಡೀ ಯೂನಿಟ್ ನಗಿ ನಗಿ ಅಂತ ಕೂಗ್ತಿದೆ, ಇವರು ಮುಖ ಗಂಟು ಹಾಕ್ಕೊಂಡು ಕೂತಿದ್ದಾರೆ. ಫರ್ದೀನ್ ಬಗ್ಗಿ ಕಿವೀಲಿ ಏನೋ ಅಂದ. ಆ ಮನುಷ್ಯ ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ರು. ಏನಂದೆಯೋ ಅಂತ ಆಮೇಲೆ ಕೇಳಿದ್ರೆ, ಇವತ್ತು ಊಟಕ್ಕೆ ಮುದ್ದೆ ಇದೆ, ನೀವು ಬೇಗ ನಗದೇ ಇದ್ರೆ ಲೈಟ್‌ಬಾಯ್‌ಗಳು ಖಾಲಿ ಮಾಡ್ತಾರೆ ಅಂದೆ ಅಕ್ಕ ಅಂದ.

ಅಲ್ಲಿಂದ ಶುರುವಾಯ್ತು ನೋಡಿ. ಡಾನ್ ಪಾತ್ರ ಬಂದಾಗೆಲ್ಲ ಮುನಿಶಾಮಪ್ಪನೋರದ್ದು ಒಂದೇ ಷರತ್ತು, ಚುಚ್ಚೋದಾದ್ರೆ ಆ ಸಾಬ್ರ ಹುಡ್ಗಾನೇ ಚುಚ್ಚಲಿ. ನಮ್ಮ ರೌಡಿ ಸಿನಿಮಾಗಳಲ್ಲಿ ಕತೆ ಬದಲಾಗಲ್ಲ, ಸಾಕಿದ ಅಣ್ಣ ಇರಲೇಬೇಕು, ಸಾಕಿದವನ ಕೈಲೇ ಸಾಯಲೇಬೇಕು. ಹಾಗಾಗಿ ಇಬ್ಬರಿಗೂ ಕೆಲಸ ತಪ್ಪಲಿಲ್ಲ. ಶೂಟಿಂಗ್ ಇಲ್ಲದ ದಿನಾನೂ ಫರ್ದೀನ್ ಸ್ಕೂಟರ್ ಚಿಕ್ಕಜಾಲದ ಕಡೆ ಓಡ್ತಿತ್ತು. ಒಂದು ಸಲ ಮಹಡಿಯಿಂದ ಹಾರೋ ಶಾಟಿನಲ್ಲಿ ಎಡಭುಜ ಜಾರಿತು. ಆಸ್ಪತ್ರೆಯಿಂದ ಸೀದಾ ತಮ್ಮ ಮನೆಗೇ ಕರ್ಕೊಂಡು ಹೋದ್ರು. ಗೌರಮ್ಮ ಮೊದಲೆರಡು ದಿನ ಅವನಿಗೆ ಬೇರೆ ತಟ್ಟೆ ಇಟ್ರು, ಮಾತಿಲ್ಲ ಕತೆಯಿಲ್ಲ. ಮೂರನೇ ದಿನ ನಾನು ನೋಡೋಕೆ ಹೋದಾಗ ಅವನ ಮೊಬೈಲಲ್ಲಿ ಧಾರಾವಾಹಿ ನೋಡ್ಕೊಂಡು, ಇವಳ ಅತ್ತೆ ಎಂಥ ಮಾರಿ ನೋಡೋ ಅಂತ ಅವನಿಗೇ ದೂರು ಹೇಳ್ತಿದ್ರು. ಬೇರೆ ತಟ್ಟೆ ಎಲ್ಲಿ ಹೋಯ್ತೋ ಕಾಣಲಿಲ್ಲ. ಮೂರು ವಾರ ಇದ್ದ.

ಮುನಿಶಾಮಪ್ಪನೋರು ಮುದ್ದು ಮಾಡೋ ಜಾತಿ ಅಲ್ಲ. ಅವನನ್ನ ಕೂರಿಸ್ಕೊಂಡು ಬೈಯ್ಯೋರು. ಕಾಲು ಮುರ್ಕೊಂಡ್ರೆ ಯಾವ ಹೀರೋನೂ ಹೊತ್ಕೊಂಡು ತಿರುಗಲ್ಲ, ಹಾರೋದು ಬಿಡು, ಹಾರೋದನ್ನ ಹೇಳಿಕೊಡೋದು ಕಲಿ ಅನ್ನೋರು. ಬೈದೂ ಬೈದೂ ಒಬ್ಬ ಫೈಟ್ ಮಾಸ್ಟರ್ ಹತ್ರ ಅಸಿಸ್ಟೆಂಟ್ ಆಗಿ ಸೇರಿಸಿದ್ರು. ಈಗ ಬೇರೆ ಹುಡುಗರಿಗೆ ಹಗ್ಗ ಕಟ್ಟೋದು, ಹಾಸಿಗೆ ಹಾಸಿದ್ದು ಸರಿ ಇದೆಯಾ ನೋಡೋದು ಅವನ ಕೆಲಸ. ಚುಚ್ಚೋ ಕೆಲಸ ಮಾತ್ರ ಮುನಿಶಾಮಪ್ಪನೋರಿಗೋಸ್ಕರ ಇಟ್ಕೊಂಡಿದ್ದ.

ಈ ಭುಜದ ಕಾಟದಲ್ಲೇ ಅವನಿಗೆ ಅಮ್ರೀನ್ ಸಿಕ್ಕಿದ್ದು. ಆರ್‌.ಟಿ. ನಗರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡ್ತಾಳೆ. ವಾರಕ್ಕೆರಡು ಸಲ ನೋವಿನ ಸ್ಪ್ರೇ ತಗೊಳ್ಳೋಕೆ ಬರ್ತಿದ್ದವನನ್ನ, ಡಾಕ್ಟರ್‌ಗೆ ತೋರಿಸದೆ ಇದನ್ನೇ ಹೊಡ್ಕೊಂಡಿದ್ರೆ ಇನ್ಮೇಲೆ ಕೊಡಲ್ಲ ಅಂತ ಎಲ್ಲರೆದುರು ಬೈದಳಂತೆ. ಬೈಸ್ಕೊಳ್ಳೋದು ಅವನಿಗೆ ಅಭ್ಯಾಸವಾಗಿತ್ತಲ್ಲ, ಹಿಡಿಸಿಬಿಟ್ಟಳು. ಮೂರು ವರ್ಷ ಆಯ್ತು. ಅವಳ ಅಪ್ಪ ಮಜೀದ್, ಯಶವಂತಪುರದಲ್ಲಿ ಹಳೇ ಸೋಫಾಗಳಿಗೆ ಹೊಸ ಬಟ್ಟೆ ಹಾಕೋ ಅಂಗಡಿ ಇಟ್ಟಿದ್ದಾರೆ. ಮಗಳು ವಿಷಯ ಹೇಳಿದಾಗ ಅವರು ಕೂಗಾಡಲಿಲ್ಲ. ಹುಡುಗನ ಕಡೆ ಹಿರಿಯರು ಬಂದು ಕೇಳಲಿ, ಬರೋ ಭಾನುವಾರದೊಳಗೆ ಬರದೇ ಇದ್ರೆ ತುಮಕೂರಿನ ಸಂಬಂಧಕ್ಕೆ ಮಾತು ಕೊಡ್ತೀನಿ ಅಂದ್ರು. ಹಿರಿಯರು ಎಲ್ಲಿಂದ ಬರಬೇಕು? ಮೆಹಬೂಬ್ ಬೀ ಹಿಂದಿನ ವರ್ಷವೇ ತೀರ್ಕೊಂಡಿದ್ದಳು.

ಫರ್ದೀನ್ ನನ್ನನ್ನ ಜೊತೆಗೆ ಕರ್ಕೊಂಡೇ ಚಿಕ್ಕಜಾಲಕ್ಕೆ ಹೋದ. ಹಿರಿಯರಾಗಿ ಬನ್ನಿ ಅಂತ ಒಬ್ಬನೇ ಕೇಳೋಕೆ ಅವನಿಗೆ ಬಾಯಿ ಬರಲಿಲ್ಲ. ಮುನಿಶಾಮಪ್ಪನೋರು ಕೇಳಿಸ್ಕೊಂಡು ಎದ್ದು ಒಳಗೆ ಹೋದ್ರು. ಹೋಯ್ತಪ್ಪ, ಜಾತಿ ಧರ್ಮ ಅಂತ ಹಿಂದೆ ಸರಿದ್ರು ಅಂದ್ಕೊಂಡೆ, ನನಗೆ ಮೈ ಉರಿಯೋಕೆ ಶುರುವಾಯ್ತು. ನೋಡಿದ್ರೆ ಪೆಟ್ಟಿಗೆಯಿಂದ ಜರಿ ಪಂಚೆ ತೆಗೆದುಕೊಂಡು ಬಂದು ಗೌರಮ್ಮನ ಕೈಗೆ ಕೊಟ್ಟು, ಇಸ್ತ್ರಿ ಹಾಕಿಸು ಅಂದ್ರು. ನಮ್ಮ ಹೆಣ್ಣುಮಕ್ಕಳನ್ನ ಕೇಳೋಕೆ ಬಂದೋರನ್ನ ಕೂರಿಸಿ ಮಾತಾಡಿದ್ದೀನಿ, ನಾನು ಯಾರ ಮನೆಗೂ ಕೇಳೋಕೆ ಹೋಗಿಲ್ಲ, ಹೋಗೋ ಆಸೆ ಇತ್ತು ಅಂದ್ರು. ಫರ್ದೀನ್ ತಲೆ ಬಗ್ಗಿಸ್ಕೊಂಡು ಹೊರಗೆ ಹೋಗಿ ಸುಮ್ಮನೆ ಸ್ಕೂಟರ್ ಒರೆಸೋಕೆ ನಿಂತ.

ಅಲ್ಲಿಗೆ ಎಲ್ಲ ಸರಿಯಾಗಿತ್ತು. ಕೆಡಿಸಿದವಳು ನಾನು.

ಹೆಣ್ಣು ಕೇಳೋಕೆ ಎರಡೇ ಜನ ಹೋದ್ರೆ ಚೆನ್ನಾಗಿರುತ್ತಾ? ಅದರಲ್ಲೂ ಒಬ್ಬರು ಹಿಂದೂ ಗೌಡರು, ಇನ್ನೊಬ್ಬಳು ಬಾಯಿಬಡುಕಿ. ಹುಡುಗನಿಗೆ ದಿಕ್ಕು ದೆಸೆ ಇಲ್ಲ ಅಂತ ಅವರಿಗೆ ಅನ್ನಿಸಲ್ವಾ? ಜನ ಒದಗಿಸೋ ನಾನೇ ಇರುವಾಗ ನನ್ನ ಹುಡುಗನಿಗೆ ಬಳಗ ಕಡಿಮೆಯಾ? ಭಾನುವಾರ ಬೆಳಿಗ್ಗೆ ನಾಲ್ಕು ಜನರಿಗೆ ಫೋನ್ ಹೊಡೆದೆ. ಗಡ್ಡ, ಗಾಂಭೀರ್ಯ ಇರೋ ಮೂರು ಜನ ಗಂಡಸರು, ಒಬ್ಬಳು ಮಲ್ಕಾ. ನೀನು ದೊಡ್ಡಪ್ಪ, ನೀನು ಚಿಕ್ಕಪ್ಪ, ನೀನು ಅಜ್ಜಿಯ ತಮ್ಮ, ಮಲ್ಕಾ ನೀನು ಸೋದರತ್ತೆ ಅಂತ ಪಾತ್ರ ಹಂಚಿದೆ. ಮಾತು ಕಡಿಮೆ ಆಡಿ, ತಲೆ ಆಡಿಸಿ ಸಾಕು ಅಂದೆ. ಫರ್ದೀನ್‌ಗೂ ಹೇಳಲಿಲ್ಲ, ಮುನಿಶಾಮಪ್ಪನೋರಿಗೂ ಹೇಳಲಿಲ್ಲ. ಹೇಳಿದ್ರೆ ಬಿಡ್ತಿದ್ರಾ?

ಫರ್ದೀನ್ ಯಶವಂತಪುರ ಮಾರ್ಕೆಟ್ ಹತ್ರ ಒಂದು ಟೀ ಅಂಗಡಿಯಲ್ಲಿ ಕೂತ. ಹೆಣ್ಣು ಕೇಳೋವಾಗ ಹುಡುಗ ಬರೋ ಹಾಗಿರಲಿಲ್ಲ. ಮುನಿಶಾಮಪ್ಪನೋರು ಜರಿ ಪಂಚೆ ಉಟ್ಟು, ಹಣ್ಣಿನ ಬುಟ್ಟಿ ಹಿಡ್ಕೊಂಡು ಮಜೀದ್ ಮನೆ ಓಣಿ ತಿರುವಿಗೆ ಬಂದ್ರು. ಅಲ್ಲಿ ನನ್ನ ನಾಲ್ಕು ಜನ ಸಾಲಾಗಿ ನಿಂತಿದ್ದರು. ಆ ನಾಲ್ವರನ್ನ ನೋಡಿ ಮುನಿಶಾಮಪ್ಪನೋರು, ಇಲ್ಲೂ ಶೂಟಿಂಗ್ ಐತಾ ನಾಗಲಕ್ಷ್ಮಿ ಅಂತ ಕೇಳಿದ್ರು. ಸುಮ್ನಿರಿ, ಹುಡುಗನ ಕಡೆಯವರು ಅಂದೆ. ಅವರ ಹುಬ್ಬು ಗಂಟಾಯ್ತು, ಏನೋ ಹೇಳೋಕೆ ಬಾಯಿ ತೆಗೆದ್ರು. ಅಷ್ಟರಲ್ಲಿ ಮಜೀದ್ ಬಾಗಿಲಿಗೆ ಬಂದು ಸಲಾಂ ಹೇಳಿಯಾಗಿತ್ತು.

ಒಳಗೆ ಕೂತ್ವಿ. ಚೊಕ್ಕವಾದ ಮನೆ. ಅಮ್ರೀನ್ ತಾಯಿ ನೂರ್‌ಜಹಾನ್ ಶರಬತ್ತು ತಂದಿಟ್ಟು ಒಳಬಾಗಿಲ ಹತ್ರ ನಿಂತ್ರು. ನಾನು ಒಬ್ಬೊಬ್ಬರನ್ನೇ ಪರಿಚಯ ಮಾಡ್ತಾ ಹೋದೆ, ದೊಡ್ಡಪ್ಪ, ಚಿಕ್ಕಪ್ಪ ಅಂತ. ಮಜೀದ್ ಒಂದೊಂದು ಮುಖಾನೂ ನೋಡಿದ್ರು. ತೆಳ್ಳಗಿನ ಮನುಷ್ಯ, ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿವೆ. ನೋಡಿ ಮುಗಿಸಿ, ತಣ್ಣಗೆ ಹೇಳೋಕೆ ಶುರು ಮಾಡಿದ್ರು. ಈ ದೊಡ್ಡಪ್ಪ ಹೋದ ವರ್ಷದ ಸಿನಿಮಾದಲ್ಲಿ ಮಾರ್ಕೆಟಿನಲ್ಲಿ ಲಾಂಗು ಹಿಡ್ಕೊಂಡು ಓಡಾಡ್ತಾರೆ. ಈ ಚಿಕ್ಕಪ್ಪ ಗೋಡೌನಿಗೆ ಬೆಂಕಿ ಹಾಕ್ತಾರೆ. ಅಜ್ಜಿಯ ತಮ್ಮನನ್ನ ಪೊಲೀಸರು ರೈಲ್ವೆ ಹಳಿ ಮೇಲೆ ಗುಂಡು ಹೊಡೆದು ಸಾಯಿಸ್ತಾರೆ. ಈ ಅಮ್ಮ ಜೈಲಿಗೆ ಬಿರಿಯಾನಿ ತರ್ತಾರೆ, ಡಬ್ಬಿ ಒಳಗೆ ಚಾಕು ಇರುತ್ತೆ.

ಮಲ್ಕಾಗೆ ಖುಷಿ ತಡೆಯಲಿಲ್ಲ. "ಹೌದು ಭಾಯ್, ಚೆನ್ನಾಗಿ ಬಂದಿತ್ತಾ?" ಅಂತ ಕೇಳಿಯೇಬಿಟ್ಟಳು.

ನಾನು ಮಲ್ಕಾ ತೊಡೆ ಚಿವುಟಿದೆ. ಮಗಳನ್ನ ಕೇಳಿದ ಹುಡುಗ ಏನು ಕೆಲಸ ಮಾಡ್ತಾನೆ ಅಂತ ತಿಳ್ಕೊಳ್ಳೋಕೆ ಆ ಮನುಷ್ಯ ಎರಡು ದಿನ ಮೊದಲು ಕೂತು ಆ ಸಿನಿಮಾ ಪೂರ್ತಿ ನೋಡಿದ್ದರು. ಯಾವ ಅಪ್ಪ ಆದ್ರೂ ನೋಡ್ತಾನೆ. ಇದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಅದರಲ್ಲಿ ಡಾನ್ ಮುನಿಶಾಮಪ್ಪನೋರೇ, ನಾನು ಡಾನಿನ ಇಡೀ ಗ್ಯಾಂಗನ್ನ ಕರ್ಕೊಂಡು ಬಂದು ಅವರ ಹಾಲಿನಲ್ಲಿ ಕೂರಿಸಿದ್ದೆ.

ನಾನು ಇನ್ನೊಂದು ಸುಳ್ಳು ಕಟ್ಟೋಕೆ ಬಾಯಿ ತೆಗೆದೆ. ಮುನಿಶಾಮಪ್ಪನೋರು ಕೈ ಅಡ್ಡ ಹಿಡಿದ್ರು. ಇವರ್ಯಾರೂ ಹುಡುಗನ ಬಳಗ ಅಲ್ಲ, ಜೊತೆ ಕೆಲಸ ಮಾಡೋರು, ಈಯಮ್ಮ ಒಳ್ಳೇದಾಗಲಿ ಅಂತ ಕರ್ಕೊಂಡು ಬಂದಳು, ತಪ್ಪಾಯ್ತು, ನನ್ನ ಕಡೆಯಿಂದ ಕ್ಷಮೆ ಇರಲಿ ಅಂದ್ರು. ಅವನಿಗೆ ಬಳಗ ಇಲ್ಲ, ನಾನೂ ರಕ್ತ ಸಂಬಂಧ ಅಲ್ಲ, ಎಂಟು ವರ್ಷದಿಂದ ನೋಡಿದ್ದೀನಿ, ಹುಡುಗ ಬಂಗಾರ, ಅಷ್ಟು ಹೇಳೋಕೆ ಬಂದೆ ಅಂದ್ರು. ನನ್ನ ನಾಲ್ಕು ಜನ ಒಬ್ಬೊಬ್ಬರೇ ಎದ್ದು ಹೊರಗೆ ಹೋದ್ರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತ್ತು.

ಮಜೀದ್ ತಮ್ಮ ಒಡಹುಟ್ಟಿದ ತಮ್ಮನ ಕತೆ ಹೇಳಿದ್ರು. ಇಪ್ಪತ್ತಾರು ವರ್ಷದ ಹಿಂದಿನ ಮಾತು. ಅಪ್ಪ ತೀರ್ಕೊಂಡ ಮೇಲೆ ಆ ಹುಡುಗ ಒಬ್ಬ ರೌಡಿ 'ಅಣ್ಣ'ನ ಹಿಂದೆ ಬಿದ್ದ. ಆ ಅಣ್ಣ ಬೈಕ್ ಕೊಡಿಸಿದ, ಹಬ್ಬಕ್ಕೆ ಬಟ್ಟೆ ಹೊಲಿಸಿದ, ಹುಷಾರಿಲ್ಲದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂತ. ಅಪ್ಪನಿಗಿಂತ ಹೆಚ್ಚು ನೋಡ್ಕೊಂಡ, ಅದು ಸುಳ್ಳಲ್ಲ ಅಂದ್ರು. ಎರಡು ವರ್ಷಕ್ಕೆ ಹುಡುಗನಿಗೆ ಸಾಕಾಯ್ತು, ಅಂಗಡಿ ಇಟ್ಕೊಳ್ತೀನಿ ಅಂದ. ಅಣ್ಣ ಬಿಡಲಿಲ್ಲ. ಒಂದೇ ಒಂದು ಕೆಲಸ ಮುಗಿಸಿಕೊಡು ಅಂದ. ಆ ಕೆಲಸಕ್ಕೆ ಹೋದವನ ಹೆಣ ಬಂತು.

"ಸಿನಿಮಾದ ಅಣ್ಣ, ನಿಜವಾದ ಅಣ್ಣ, ನನಗೆ ವ್ಯತ್ಯಾಸ ಬೇಡ" ಅಂದ್ರು ಮಜೀದ್. "ದಿಕ್ಕಿಲ್ಲದ ಹುಡುಗನ್ನ ಸಾಕ್ಕೊಳ್ಳೋ ದೊಡ್ಡಮನುಷ್ಯ ಅಂದ್ರೆ ನನಗೆ ಭಯ ಆಗುತ್ತೆ. ಫರ್ದೀನ್ ಒಳ್ಳೆಯವನು ಅಂತ ನನ್ನ ಮಗಳು ಹೇಳ್ತಾಳೆ, ಇರಬಹುದು. ನೀವು ಅವನ ಸಹವಾಸ ಬಿಟ್ರೆ ನಾನು ಅವನ ಜೊತೆ ಮಾತಾಡ್ತೀನಿ. ಇಲ್ಲ ಅಂದ್ರೆ ಇಲ್ಲ."

ನನ್ನ ತಾಳ್ಮೆ ಹಾರಿಹೋಯ್ತು. ಎದ್ದು ನಿಂತೆ. ಯಾರೋ ಪಾಪಿ ಮಾಡಿದ್ದಕ್ಕೆ ಈ ದೇವರಂಥ ಮನುಷ್ಯರಿಗೆ ಶಿಕ್ಷೇನಾ, ಮೂರು ವಾರ ಅವನ ಭುಜಕ್ಕೆ ಎಣ್ಣೆ ತಿಕ್ಕಿದ್ದಾರೆ ಕಣ್ರೀ, ನಿಮಗೇನು ಗೊತ್ತು ಅಂತ ಶುರು ಹಚ್ಕೊಂಡೆ. ಇನ್ನೂ ಏನೇನು ಅಂತಿದ್ದೆನೋ. ಮುನಿಶಾಮಪ್ಪನೋರು ನನ್ನ ಕಡೆ ತಿರುಗಿ ನೋಡಿದ್ರು. ಜನರೇಟರ್ ಗಾಡಿಯವನು ಯಾಕೆ ಇಳಿದು ಬಂದ ಅಂತ ಆಗ ಅರ್ಥವಾಯ್ತು. ಕೂತೆ.

"ಬಿಟ್ಟೆ ಮಜೀದ್ ಸಾಬ್ರೇ" ಅಂದ್ರು.

ಅಷ್ಟೇ. ಒಂದು ಕ್ಷಣಾನೂ ಯೋಚನೆ ಮಾಡಲಿಲ್ಲ. ಮಜೀದ್ ಮುಖ ಎತ್ತಿದ್ರು.

"ಇವತ್ತಿಂದ ನಾನು ಅವನ ತಾವ್ ಓಗಲ್ಲ, ಅವನೂ ನಮ್ಮನೆಗೆ ಬರಲ್ಲ. ಮದ್ವೆಗೂ ಬರಲ್ಲ. ನಿಮ್ಮಿಂದ ಇಂಗಾಯ್ತು ಅಂತ ಅವನಿಗೆ ಏಳಲ್ಲ, ನಾನಾಗೇ ದೂರ ಆದೆ ಅಂತ ಏಳ್ತೀನಿ. ಬೈಕಂಡ್ರೆ ನನ್ನ ಬೈಕಳ್ಲಿ. ಅವನಿಗೆ ಒಂದು ಮನೆ ಆಗ್ಬೇಕು ಅಂತ ಬಂದೋನು ನಾನು, ನಾನೇ ಅಡ್ಡ ನಿಂತ್ರೆ ಎಂಗೆ? ಒಂದೇ ಮಾತು, ಚಳೀಗೆ ಅವನ ಎಡಭುಜ ಇಡ್ಕಂತದೆ. ಬಾಯಿಬಿಟ್ಟು ಏಳಲ್ಲ ಅವನು. ನೀವೇ ನೋಡ್ಕಂಡು ಕೇಳ್ಬೇಕು."

ಕೈ ಮುಗಿದು ಎದ್ದರು. ಹಣ್ಣಿನ ಬುಟ್ಟಿಯನ್ನ ನೂರ್‌ಜಹಾನ್ ಕಡೆ ಸರಿಸಿದ್ರು. ಬಾಗಿಲ ಹೊರಗೆ ಬಂದು ಚಪ್ಪಲಿ ಹಾಕೋಕೆ ಹೋದ್ರೆ ಕಾಲು ಒಳಗೆ ಹೋಗ್ತಿಲ್ಲ. ಎರಡು ಸಲ ತಪ್ಪಿತು. ನಾನು ಬಗ್ಗಿ ಹಾಕೋಕೆ ಹೋದೆ, ಬೇಡ ಅಂದ್ರು. ಕೊನೆಗೆ ಮೆಟ್ಟಿಲ ಮೇಲೆ ಕೂತುಬಿಟ್ರು. ನನಗೆ ಅಳು ಉಕ್ಕಿ ಬಂತು. ಯಾಕ್ ಸುಳ್ಳು ಹೇಳಲಿ, ಗೊಳೋ ಅಂತ ಅತ್ತೆ, ಓಣಿ ಜನ ನೋಡ್ತಿದ್ದರೂ.

ಮಜೀದ್ ಹಿಂದೆಯೇ ಬಂದರು. ಬಂದವರು ನಿಲ್ಲಲಿಲ್ಲ, ಅದೇ ಮೆಟ್ಟಿಲ ಮೇಲೆ ಇವರ ಪಕ್ಕದಲ್ಲಿ ಕೂತ್ರು. ರಸ್ತೆ ನೋಡ್ಕೊಂಡೇ ಮಾತಾಡಿದ್ರು. ತಮ್ಮನನ್ನ ಬಿಟ್ಟುಬಿಡಿ ಅಂತ ಕೇಳೋಕೆ ಆ ಅಣ್ಣನ ಮನೆಗೆ ಮೂರು ಸಲ ಹೋಗಿದ್ದರಂತೆ. ಮೂರು ಸಲಾನೂ ಕೂರಿಸಿ, ಟೀ ಕೊಟ್ಟು, ಅವನು ನನ್ನ ಮಗ ಇದ್ದ ಹಾಗೆ ಕಣಯ್ಯ, ಮಗನ್ನ ಯಾರಾದ್ರೂ ಬಿಡ್ತಾರಾ ಅಂತ ಹೇಳಿ ಕಳಿಸಿದ್ದನಂತೆ.

"ಅಷ್ಟು ಪ್ರೀತಿ ಮಾತಾಡಿದವನು ಬಿಡಲಿಲ್ಲ" ಅಂದ್ರು ಮಜೀದ್. "ನೀವು ಒಂದು ಮಾತಿಗೆ ಬಿಟ್ರಿ."

ಮಜೀದ್ ಬಗ್ಗಿ ಆ ಚಪ್ಪಲಿಯನ್ನ ಎತ್ತಿ, ಬಾಗಿಲ ಒಳಗಡೆ ಇಟ್ಟರು.

"ಹುಡುಗನ ಮನೆ ನೋಡೋ ಶಾಸ್ತ್ರ ನಮ್ಮಲ್ಲೂ ಇದೆ" ಅಂದ್ರು. "ನಾವು ಹೆಂಗಸರು ಮಕ್ಕಳೆಲ್ಲ ಬರಬೇಕು. ಚಿಕ್ಕಜಾಲಕ್ಕೆ ಯಾವತ್ತು ಬರೋಣ?"

ಮುನಿಶಾಮಪ್ಪನೋರು ಪಂಚೆ ತುದಿಯಿಂದ ಮುಖ ಒರೆಸಿಕೊಂಡ್ರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಮನೆಗೆ ಬೀಗರನ್ನ ಕರೆಯೋ ಯಜಮಾನರ ದನಿಯಲ್ಲಿ ಹೇಳಿದ್ರು.

"ಬರೋ ಭಾನುವಾರ ಬನ್ನಿ. ಮಗನೂ ಮನೇಲೇ ಇರ್ತಾನೆ."